ಕೆಂಪು ಹುಂಜದ ಜೀನ್ಸ್

೪ ಫೆಬ್ರವರಿ

ತಮ್ಮಾ,

ಇತ್ತ ಕ್ಷೇಮ, ಅತ್ತ ಕ್ಷೇಮವೇ ಎಂದು ಶುರುಮಾಡುವುದು ರೂಢಿ. ಈ ಸಲ ಎರಡನ್ನೂ ಬಿಟ್ಟಿದ್ದೇನೆ. ನಾವು ಹೇಗಿದ್ದೇವೆಂದು ಇಬ್ಬರಿಗೂ ಗೊತ್ತಿರುವಾಗ ಬಿಳಿ ಕಾಗದಕ್ಕೆ ಯಾಕೆ ಸುಳ್ಳು ಹೇಳಬೇಕು.

ನಿನ್ನ ಮಗಳು ಬುಗುರಿ ಹೋದ ಮೇಲೆ ನೀನು ಬರೆದ ಮೊದಲ ಪತ್ರ ಬಂತು. ಕಪಾಟು ತೆಗೆದೆ, ಬುಗುರಿ ಕತ್ತರಿಸಿಟ್ಟ ಬಟ್ಟೆಯ ಗಂಟು ಸಿಕ್ಕಿತು, ಮೇಲೆಲ್ಲ ಕೆಂಪು ಹುಂಜ, ಪಾರ್ಸೆಲ್ ಮಾಡುತ್ತೇನೆ, ನೀನು ಹೊಲಿದುಬಿಡು. ಇಷ್ಟು ಬರೆದು ಕೊನೆಗೊಂದು ಸಾಲು ಸೇರಿಸಿದ್ದೀಯ: 'ಅದೊಂದು ಮುಗಿದರೆ ನನ್ನ ಪಾಲಿನದೆಲ್ಲ ಮುಗಿದ ಹಾಗೆ.' ಆ ಸಾಲನ್ನು ಓದಿದೆ, ಮಡಚಿಟ್ಟೆ, ನಿನ್ನ ಭಾವನ ಮಗ್ಗುಲು ತಿರುಗಿಸಿ ಬಂದು ಮತ್ತೆ ಓದಿದೆ.

ಆ ಬಟ್ಟೆ ನನಗೆ ಗೊತ್ತು ಕಣೋ. ಅವಳು ರಜೆಗೆ ಇಲ್ಲಿಗೆ ಬಂದಿದ್ದಾಗ ಇಬ್ಬರೂ ಹೋಗಿ ತಂದದ್ದು. ಸೋಫಾ ಹೊದಿಕೆಯ ಅಂಗಡಿಯಲ್ಲಿ ಗಟ್ಟಿ ನೀಲಿ ಬಟ್ಟೆ, ಅಂಗೈಯಗಲದ ಹುಂಜಗಳು, ಹಳದಿ ಕಾಲು. "ಅತ್ತೇ, ಇದರಲ್ಲಿ ಜೀನ್ಸ್ ಹೊಲ್ಕೊಂಡ್ರೆ ಹೇಗಿರುತ್ತೆ?" ಅಂದಳು. "ಸೋಫಾ ಎದ್ದು ನಡೆದ ಹಾಗಿರುತ್ತೆ" ಅಂದೆ. "ನಡೀಲಿ ಬಿಡು, ಕೂತು ಕೂತು ಅದಕ್ಕೂ ಸಾಕಾಗಿರುತ್ತೆ" ಅಂದಳು. ಅಂಗಡಿಯವನು ಅಳೆಯುವ ಕೋಲು ಕೆಳಗಿಟ್ಟು ನಕ್ಕ. ಊರಿಗೆ ಮರಳಿ ನಿನಗೆ ತೋರಿಸಿದಾಗ ನೀನೇನೋ ಅಂದೆಯಂತಲ್ಲ, "ಇದನ್ನ ಹಾಕ್ಕೊಂಡು ಬೀದಿಗಿಳೀಬೇಡ, ಬೆಳಗಾಯ್ತು ಅಂತ ಜನ ಎದ್ದು ಕೂರ್ತಾರೆ" ಅಂತ. ಫೋನಿನಲ್ಲಿ ಹೇಳಿ ಹೇಳಿ ನಕ್ಕಿದ್ದಳು.

ನಾನು ಹೊಲಿಯುವುದಿಲ್ಲ. ಗಂಟು ಕಳಿಸಬೇಡ. ಬಟ್ಟೆ ನಿನ್ನ ಮನೆಯಲ್ಲಿದೆ, ಕೈ ನಿನಗೂ ಇದೆ. ನನಗೆ ಯಾರು ಕಲಿಸಿದ್ದರು? ನಿನ್ನ ಭಾವನ ಹರಿದ ಪ್ಯಾಂಟನ್ನು ಬಿಚ್ಚಿ ನೆಲಕ್ಕೆ ಹರಡಿ, ಓಹೋ ಇದು ಹೀಗೆ ಅಂತ ತಿಳಿದುಕೊಂಡವಳು ನಾನು. ಮೆಷಿನ್ ಮುಟ್ಟಬೇಡ, ಪಕ್ಕದಲ್ಲಿ ಕಲಿಸುವವರಿಲ್ಲದೆ ಅದು ಬೆರಳು ತಿನ್ನುತ್ತದೆ. ಕೈಯಲ್ಲೇ ಹೊಲಿ. ಫೋನಿನ ತಂತಿ ಕಿತ್ತಿಟ್ಟಿದ್ದೀಯ. ಆಸ್ಪತ್ರೆಯಿಂದ ಆ ಸುದ್ದಿ ಬಂದದ್ದು ಅದರಲ್ಲೇ ಎಂದು ಗೊತ್ತು, ಹಾಕು ಅನ್ನುವುದಿಲ್ಲ. ಅಂಚೆಯಲ್ಲೇ ಕಲಿಸುತ್ತೇನೆ.

ಮೊದಲ ಪಾಠ: ಗಂಟು ಬಿಚ್ಚು, ತುಂಡುಗಳನ್ನು ಹಾಸಿಗೆಯ ಮೇಲೆ ಹರಡು, ಕಂಡದ್ದನ್ನು ಬರೆ. ಬೇರೇನೂ ಮಾಡಬೇಡ.

ಇಂತಿ
ನಿನ್ನ ಅಕ್ಕ


೧೯ ಫೆಬ್ರವರಿ

ಅಕ್ಕಾ,

ಹೊಲಿಯುವುದಿಲ್ಲ ಅಂದದ್ದಕ್ಕೆ ಸಿಟ್ಟು ಬಂತು. ಸಿಟ್ಟು ಬಂದು ಬಹಳ ದಿನವಾಗಿತ್ತು.

ಅವಳ ಹಾಸಿಗೆಯ ಮೇಲೆ ಹರಡಿದ್ದೇನೆ. ಯಾವುದೂ ಜೀನ್ಸಿನ ಹಾಗೆ ಕಾಣುವುದಿಲ್ಲ. ನಾಲ್ಕು ಉದ್ದ ತುಂಡು, ಒಂದು ಪಟ್ಟಿ, ಉಳಿದದ್ದು ಚೂರು. ಒಂದೊಂದರ ಹಿಂದೆಯೂ ಸೀಮೆಸುಣ್ಣದಲ್ಲಿ ಬಾಣದ ಗುರುತು, 'ಮೇಲೆ' ಎಂದು ಬರೆದಿದ್ದಾಳೆ. ಹುಂಜಗಳು ತಲೆಕೆಳಗಾಗಬಾರದೆಂದು ಇರಬೇಕು. ಹಿಂಭಾಗದ ಬಲಗಡೆಯ ತುಂಡಿಗೆ ಜೇಬು ಹೊಲಿದಾಗಿದೆ. ಇನ್ನೊಂದು ಜೇಬಿಗೆ ಬರೀ ಗುಂಡುಪಿನ್ನು. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮೈ ಬಿಸಿಯಾಗುತ್ತಿದೆ ಎಂದು ಎದ್ದಿದ್ದಳು. ಆಮೇಲಿನದು ನಿನಗೆ ಗೊತ್ತು. ಜ್ವರಕ್ಕೆ ಅಷ್ಟೊಂದು ಅವಸರ ಯಾಕಿತ್ತೋ.

ಕಚೇರಿಯಿಂದ ಆಳು ಬಂದಿದ್ದ. ಹೊಸ ರಸ್ತೆಗೆ ಬಿಳಿ ಗೆರೆ ಎಳೆಯಬೇಕಂತೆ, ನಾನಿಲ್ಲದೆ ರಸ್ತೆಯ ನಡು ಎಲ್ಲಿ ಎಂದು ಯಾರಿಗೂ ತಿಳಿಯುತ್ತಿಲ್ಲವಂತೆ. ನನಗೂ ತಿಳಿಯುವುದಿಲ್ಲ ಎಂದು ಹೇಳಿ ಕಳಿಸಿದೆ.

ಸೂಜಿಗೆ ದಾರ ಪೋಣಿಸಲು ಬೆಳಗಿನ ಹೊತ್ತೆಲ್ಲ ಹೋಯಿತು. ಅವಳ ಮೆಷಿನ್ನಿನ ಮೇಲಿದ್ದ ರೀಲಿನ ದಾರವನ್ನೇ ತೆಗೆದುಕೊಂಡಿದ್ದೇನೆ. ಮುಂದೇನು?

ತಮ್ಮ


೧ ಮಾರ್ಚ್

ತಮ್ಮಾ,

ದಾರದ ತುದಿಯನ್ನು ನಾಲಿಗೆಗೆ ತಾಗಿಸಬೇಡ, ಓರೆಯಾಗಿ ಕತ್ತರಿಸು, ಆಗ ಸಲೀಸಾಗಿ ಹೋಗುತ್ತದೆ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಹಾಗೆ ಹೊಲಿ. ಹಿಂದೆ ಬಂದು ಹೋದ ಹೊಲಿಗೆಯೇ ಬಾಳುವುದು. ಮೊದಲು ಪಿನ್ನು ಹಾಕಿದ ಜೇಬನ್ನು ಹೊಲಿದಿಡು, ಅವಳು ಹೊಲಿದದ್ದನ್ನು ನೋಡಿಕೊಂಡು.

ಆಮೇಲೆ ಒಂದು ಕಾಲು. ಮುಂದಿನ ತುಂಡು, ಹಿಂದಿನ ತುಂಡು, ಮುಖಕ್ಕೆ ಮುಖ ಇಟ್ಟು ಪಕ್ಕವನ್ನು ಸೇರಿಸು. ಅಂಚನ್ನು ಮಡಚಿ ಮೇಲೊಂದು ಗೆರೆ. ಹುಂಜದ ತಲೆ ಮುಂದಿನ ತುಂಡಿನಲ್ಲಿ, ಬಾಲ ಹಿಂದಿನದರಲ್ಲಿ ಬರುತ್ತದೆ. ಎರಡೂ ಒಂದೇ ಹಕ್ಕಿಯದಾಗಿರಬೇಕು. ಇಲ್ಲದಿದ್ದರೆ ನಮ್ಮ ನೆಂಟರ ಮದುವೆಗಳ ಹಾಗಾಗುತ್ತದೆ, ಒಂದರ ತಲೆಗೆ ಇನ್ನೊಂದರ ಬಾಲ.

ಜಿಪ್ಪಿಗೆ ಈಗಲೇ ಹೋಗಬೇಡ. ಜಿಪ್ಪು ಅಂದರೆ ಗಂಡನ ಮನೆ ಇದ್ದ ಹಾಗೆ, ಹೊರಗಿನಿಂದ ನೇರ, ಒಳಗೆ ನೋಡಿದರೆ ಏಳು ಮಡಿಕೆ.

ಕಾಲು ಮುಗಿದ ಮೇಲೆ ಅದನ್ನು ನನಗೆ ಕಳಿಸು, ನೋಡಿ ಹೇಳುತ್ತೇನೆ. ಅವಸರ ಮಾಡಬೇಡ. ನಿನ್ನನ್ನು ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ.

ಭಾವ ಹಾಗೇ ಇದ್ದಾರೆ. ಎಡಗೈ ಎತ್ತುವುದಿಲ್ಲ, ಮಾತು ಒಂದೆರಡು ಅಕ್ಷರ. ನಿನ್ನ ಪತ್ರ ಬಂದಾಗ ಮುಖ ನನ್ನ ಕಡೆ ತಿರುಗಿಸುತ್ತಾರೆ, ಓದು ಎಂದು. ಎಲ್ಲವನ್ನೂ ಓದಿ ಹೇಳುವುದಿಲ್ಲ.

ಅಕ್ಕ


೧೬ ಮಾರ್ಚ್

ಅಕ್ಕಾ,

ಜೇಬು ಆಯಿತು. ಕಾಲೂ ಆಯಿತು, ಇದರ ಜೊತೆಗಿದೆ. ನಾನೇ ಅಂದುಕೊಂಡದ್ದಕ್ಕಿಂತ ಬೇಗ ಕೈ ಹತ್ತಿತು. ಇದೇ ವೇಗದಲ್ಲಿ ಹೋದರೆ ಮುಂದಿನ ತಿಂಗಳಿಗೆ ಮುಗಿದುಹೋಗುತ್ತದೆ.

ಮಿಕ್ಕ ಕೆಲಸಗಳೂ ಒಂದೊಂದಾಗಿ ಆಗುತ್ತಿವೆ. ಅವಳ ಪುಸ್ತಕಗಳನ್ನು ಶಾಲೆಗೆ ಕೊಟ್ಟೆ. ಕುಂಡದ ಗಿಡಗಳನ್ನು ಕೆಳಮನೆಯ ಬೀಗ ರಿಪೇರಿಯವನಿಗೆ ಕೊಟ್ಟೆ. ಬ್ಯಾಂಕಿನ ಕಾಗದಗಳಲ್ಲಿ ನಿನ್ನ ಹೆಸರು ಬರೆಸಿದ್ದೇನೆ, ಒಂದು ಪ್ರತಿ ನಿನಗೆ ಬರುತ್ತದೆ, ಭದ್ರವಾಗಿಡು. ಮನೆ ಈಗ ಹಗುರವಾಗಿದೆ.

ಈ ಜೀನ್ಸ್ ಯಾರಿಗೆಂದು ಬೀಗದವನು ಕೇಳಿದ. ಯಾರಿಗೂ ಅಲ್ಲ ಎಂದೆ. ಅವಳು ಶುರುಮಾಡಿದ್ದು ಅರ್ಧಕ್ಕೆ ಬಿದ್ದಿರಬಾರದು, ಅಷ್ಟೇ.

ತಮ್ಮ


೨೨ ಮಾರ್ಚ್

ಬೀಗದಣ್ಣನವರಿಗೆ, ನಿಮ್ಮ ಮೇಲಿನ ಮನೆಯವನ ಅಕ್ಕ ಮಾಡುವ ನಮಸ್ಕಾರ.

ಮಗು ಹೋದ ದಿನ ಮನೆ ತುಂಬ ಜನವಿದ್ದಾಗ ಕೇಳದೆಯೇ ನಿಮ್ಮ ಮನೆಯ ಕುರ್ಚಿಗಳನ್ನೆಲ್ಲ ಹೊತ್ತು ತಂದವರು ನೀವು. ಆ ಸಲಿಗೆಯಿಂದ ಬರೆಯುತ್ತಿದ್ದೇನೆ. ಸುತ್ತಿಬಳಸಿ ಬರೆದರೆ ಅರ್ಥವಾಗದೆ ಹೋದೀತು, ನೇರವಾಗಿ ಹೇಳುತ್ತೇನೆ. ನನ್ನ ತಮ್ಮ ಬದುಕನ್ನು ಮುಗಿಸುವ ಯೋಚನೆಯಲ್ಲಿದ್ದಾನೆ. ಹೆಂಡತಿ ಹೋದ ಮೇಲೆ ಆ ಮಗುವಿಗಾಗಿ ಇದ್ದ. ಈಗ ಆ ಜೀನ್ಸಿಗಾಗಿ ಇದ್ದಾನೆ. ಅದು ಮುಗಿಯಲಿ ಎಂದು ಕಾಯುತ್ತಿದ್ದಾನೆ.

ಅವನು ಹೊಲಿದ ಕಾಲು ನನ್ನ ಮಡಿಲಲ್ಲಿದೆ. ರಸ್ತೆಗೆ ಗೆರೆ ಎಳೆದ ಕೈ, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಹೊಲಿದೇ ಮುದುಕಿಯಾದ ನಾನು ಇಷ್ಟು ಚೆನ್ನಾಗಿ ಹೊಲಿಯಲಾರೆ. ಇದು ಸೊಟ್ಟಗಿದೆ, ಬಿಚ್ಚಿ ಮತ್ತೆ ಹೊಲಿ ಎಂದು ಅವನಿಗೆ ಇಂದೇ ಬರೆಯುತ್ತಿದ್ದೇನೆ. ಹೊಲಿಗೆ ಇರುವವರೆಗೆ ಅವನಿರುತ್ತಾನೆ ಎಂಬ ಹುಚ್ಚು ನಂಬಿಕೆ ನನ್ನದು. ನಾನೇ ಬಂದು ಕೂರೋಣವೆಂದರೆ ಮಂಚ ಹಿಡಿದ ಗಂಡನನ್ನು ಯಾರ ಕೈಗೆ ಕೊಡಲಿ? ತಮ್ಮನನ್ನು ಇಲ್ಲಿಗೆ ಕರೆದೆ, ಮಗಳ ಕೋಣೆ ಬಿಟ್ಟು ಬರುವುದಿಲ್ಲ ಎನ್ನುತ್ತಾನೆ.

ಗಿಡಕ್ಕೆ ಎಷ್ಟು ನೀರು ಹಾಕಬೇಕೆಂದು ಕೇಳುವ ನೆಪದಲ್ಲಾದರೂ ದಿನಕ್ಕೊಂದು ಸಲ ಮೇಲೆ ಹೋಗಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಆದೀತೇ ನೋಡಿ. ನಾನು ಬರೆದೆ ಎಂದು ಹೇಳಬೇಡಿ.

ನಿಮ್ಮ ಅಕ್ಕನ ಸಮಾನಳು


೨೨ ಮಾರ್ಚ್

ತಮ್ಮಾ,

ಕಾಲು ನೋಡಿದೆ, ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಮೊದಲ ಸಲಕ್ಕೆ ಪರವಾಗಿಲ್ಲ, ಆದರೆ ನಡೆಯುವುದಿಲ್ಲ. ಮಂಡಿಯ ಹತ್ತಿರ ಹುಂಜದ ಕತ್ತು ಒಂದು ದಾರದಷ್ಟು ಮೇಲೆ ಹೋಗಿದೆ. ನಿನ್ನ ಕಣ್ಣಿಗೆ ಕಾಣದಿರಬಹುದು, ನನ್ನದು ಪಳಗಿದ ಕಣ್ಣು. ಕೆಳಗಿನ ಅಂಚಿನಿಂದ ಸೊಂಟದವರೆಗೂ ಬಿಚ್ಚು. ಬ್ಲೇಡಿನಿಂದ ಸರ್ರನೆ ಎಳೆದುಬಿಡಬೇಡ, ಒಂದೊಂದೇ ಹೊಲಿಗೆಯನ್ನು ಸೂಜಿಯ ತುದಿಯಿಂದ ಎತ್ತಿ ಬಿಚ್ಚಬೇಕು. ಎಷ್ಟು ದಿನವಾದರೂ ಆಗಲಿ.

ಮುಖ ಗಂಟಿಕ್ಕಬೇಡ. ನನ್ನ ಮೊದಲ ಪ್ಯಾಂಟಿಗೆ ಎರಡೂ ಎಡಗಾಲೇ ಆಗಿತ್ತು, ನಿನ್ನ ಭಾವ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗಿ, "ಇವತ್ತು ದಾರಿಯೆಲ್ಲ ಎಡಕ್ಕೇ ಎಳೀತಿತ್ತು ಕಣೇ" ಅಂದಿದ್ದರು.

ಅಕ್ಕ


೫ ಏಪ್ರಿಲ್

ಅಕ್ಕಾವ್ರಿಗೆ ಬೀಗದವನ ನಮಸ್ಕಾರ.

ಬರೆದು ಅಭ್ಯಾಸ ಇಲ್ಲ, ತಪ್ಪಿದ್ರೆ ಹೊಟ್ಟೇಲಿ ಹಾಕ್ಕೊಳ್ಳಿ. ನಿಮ್ಮ ಕಾಗದ ಓದಿ ಅವತ್ತು ಅಂಗಡಿ ತೆಗೀಲಿಲ್ಲ.

ಗಿಡದ ನೆಪದಲ್ಲಿ ಹೋದೆ. "ಬಾಯಾರಿದ್ರೆ ಅದೇ ಹೇಳುತ್ತೆ ಹೋಗಯ್ಯಾ" ಅಂತ ಬಾಗಿಲು ಹಾಕ್ಕೊಂಡ್ರು. ಒಳಗಿಂದ ಚಿಲಕ ಬಿದ್ದ ಶಬ್ದ ಕೇಳ್ತು. ಮಾರನೇ ದಿನ ಹೋಗಿ, "ಸಾರ್, ಈ ಚಿಲಕ ಸವೆದಿದೆ, ಸರಿ ಮಾಡ್ಕೊಡ್ತೀನಿ" ಅಂತ ಬಿಚ್ಕೊಂಡು ಬಂದೆ. ಕೋಣೆದು, ಬಚ್ಚಲುಮನೇದು ಎಲ್ಲಾ. ಇನ್ನೂ ಸರಿ ಆಗ್ತಾನೇ ಇದೆ. ದಿನಾ ಕೇಳ್ತಾರೆ, "ಏನಯ್ಯಾ, ಮೂರು ಚಿಲಕಕ್ಕೆ ಇಷ್ಟು ದಿನವಾ? ಕೋಟೆ ಬಾಗಿಲಿಗೆ ಮಾಡ್ತಿದೀಯಾ?" ಅಂತ. ಬೈಸ್ಕೋತೀನಿ. ಬೈಯೋಕಾದ್ರೂ ಮೆಟ್ಟಿಲಿಳಿದು ಬರ್ತಾರಲ್ಲ.

ಡಾಕ್ಟರ ಹತ್ರ ಹೋಗೋಣ ಬನ್ನಿ ಅಂದೆ. "ನನಗೆ ಜ್ವರ ಇಲ್ಲ" ಅಂದ್ರು.

ಹೊಲೀತಾರೆ, ಬಿಚ್ತಾರೆ. ಕಿಟಕೀಲಿ ಕೂತಿರ್ತಾರೆ, ಕೆಳಗಿಂದ ಕಾಣುತ್ತೆ. ಊಟ ಒಂದೊತ್ತು. ನೀವು ಬಿಚ್ಚು ಅಂತ ಬರೆದ ದಿನ ಸ್ವಲ್ಪ ಚೆನ್ನಾಗಿರ್ತಾರೆ ಅಕ್ಕಾವ್ರೇ. ಅದು ಯಾಕೋ ನನಗೆ ತಿಳೀದು.

ಬೀಗದವನು


೨೦ ಏಪ್ರಿಲ್

ಅಕ್ಕಾ,

ಕಾಲನ್ನು ಬಿಚ್ಚಿ ಹೊಲಿದೆ. ಮಡಿಕೆ ಒಳಮುಖವಾಗಬೇಕಿತ್ತು ಎಂದು ನೀನು ಬರೆದೆ, ನಾನು ಮತ್ತೆ ಬಿಚ್ಚಿದೆ. ದಾರ ಬಿಗಿಯಾಯಿತು ಎಂದೆ, ಅದನ್ನೂ ಬಿಚ್ಚಿದೆ. ನಿನ್ನ ಹತ್ತಿರ ಹೊಲಿಗೆ ಕಲಿತ ಹುಡುಗಿಯರು ಯಾಕೆ ಅಳುತ್ತಾ ಮನೆಗೆ ಹೋಗುತ್ತಿದ್ದರೆಂದು ಈಗ ತಿಳಿಯಿತು.

ಎರಡು ಕಾಲೂ ಆಗಿವೆ. ಜಿಪ್ಪು ಕೂತಿದೆ, ಏಳು ಮಡಿಕೆಯನ್ನೂ ನೋಡಿದೆ. ಹಿಂಭಾಗದ ನಡುಹೊಲಿಗೆ ಹಾಕಿ ಮಡಿಕೆಯನ್ನು ಎಡಕ್ಕೆ ಮಲಗಿಸಿದ್ದೇನೆ. ಇನ್ನು ಸೊಂಟದ ಪಟ್ಟಿ, ಗುಂಡಿ, ಕೆಳಗಿನ ಅಂಚು.

ಬಟ್ಟೆ ಸೋತಿದೆ. ಬೆಳಕಿಗೆ ಹಿಡಿದರೆ ಅಂಚೆಲ್ಲ ಜರಡಿಯ ಹಾಗೆ ತೂತು. ಇನ್ನೊಂದು ವಿಷಯ. ಕೈಯಲ್ಲಿ ಹಿಡಿದು ಹಿಡಿದು ಸೀಮೆಸುಣ್ಣದ ಗುರುತೆಲ್ಲ ಅಳಿಸಿಹೋಗಿದೆ. ಬಾಣವೂ ಇಲ್ಲ, 'ಮೇಲೆ' ಎಂಬುದೂ ಇಲ್ಲ. ಅಳಿಸುತ್ತಿದ್ದಾಗ ನನಗೆ ಗೊತ್ತೇ ಆಗಲಿಲ್ಲ.

ಹೋಗಲಿ. ಇನ್ನು ಒಂದು ವಾರದ ಕೆಲಸ. ಸೊಂಟಪಟ್ಟಿ ಹೇಗೆಂದು ಬರೆದುಬಿಡು. ನನಗೆ ಸಾಕಾಗಿದೆ ಅಕ್ಕಾ. ಹೊಲಿಗೆ ಅಲ್ಲ.

ತಮ್ಮ


೨ ಮೇ

ತಮ್ಮಾ,

ಭಾವನಿಗೆ ನಿನ್ನೆಯಿಂದ ಉಸಿರು ಎಳೆಯುತ್ತಿದೆ. ಅವರ ಮಂಚದ ಪಕ್ಕ ಕೂತು, ಡಾಕ್ಟರು ಬರುವುದರೊಳಗೆ ಬರೆದು ಮುಗಿಸುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಹೊಂದಿಸಿಕೊಂಡು ಓದು.

ಸೊಂಟಪಟ್ಟಿ ಈಗ ಬೇಡ. ನಡುಹೊಲಿಗೆಯ ಮಡಿಕೆ ಎಡಕ್ಕೆ ಹಾಕಿದೆ ಎಂದಿದ್ದೀಯ. ಬಲಕ್ಕೆ ಬರಬೇಕಿತ್ತು. ಹಿಂಭಾಗದಲ್ಲಿ ಹೊಲಿದದ್ದನ್ನೆಲ್ಲ ಬಿಚ್ಚು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡು, ಮತ್ತೆ ಮೊದಲಿನಿಂದ ಶುರುಮಾಡು. ಅದು ಆಗುವವರೆಗೆ ಬೇರೆ ಏನನ್ನೂ ಮುಟ್ಟಬೇಡ. ಕೇಳಿಸಿತೇ? ಬೇರೆ ಏನನ್ನೂ.

ಅಕ್ಕ


೧೪ ಮೇ

ಅಕ್ಕಾ,

ಭಾವ ಹೇಗಿದ್ದಾರೆ.

ಹಿಂಭಾಗದಲ್ಲಿ ಹೊಲಿದದ್ದನ್ನೆಲ್ಲ ಬಿಚ್ಚಿದೆ. ಎಲ್ಲ ಎಂದರೆ ಎಲ್ಲವನ್ನೂ. ಕೈಗೆ ರೂಢಿಯಾಗಿಬಿಟ್ಟಿದೆ, ನೋಡಿ ಬಿಚ್ಚುತ್ತಿರಲಿಲ್ಲ. ದಾರವೂ ಒಂದೇ ರೀಲಿನದು. ಬಲಗಡೆಯ ಜೇಬು ಕೈಗೆ ಬಿಡಿಯಾಗಿ ಬಂದಾಗ ಅದು ನಾನು ಹೊಲಿದದ್ದಲ್ಲ ಎಂದು ತಿಳಿಯಿತು.

ಮೂರು ಬದಿ. ಜೇಬಿಗೆ ಇರುವುದೇ ಮೂರು ಬದಿಯ ಹೊಲಿಗೆ. ನಾಲ್ಕನೆಯದು ಬಾಯಿ.

ಅವಳ ಕೈಯದು ಅಂತ ಈ ಬಟ್ಟೆಯಲ್ಲಿ ಇದ್ದದ್ದು ಅಷ್ಟೇ.

ತಮ್ಮ


೨೦ ಮೇ

ತಮ್ಮಾ,

ನಿನ್ನ ಪತ್ರ ಬಂದ ಕೂಡಲೇ ಕೂತಿದ್ದೇನೆ. ಭಾವ ಈಗ ಹುಷಾರು, ಅವರ ಮಾತು ಬಿಡು.

ನೀನು ಕಳಿಸಿದ ಕಾಲಿನಲ್ಲಿ ತಪ್ಪಿರಲಿಲ್ಲ. ಹುಂಜದ ಕತ್ತು ಸರಿಯಾಗಿಯೇ ಇತ್ತು. ಮಡಿಕೆ ಒಳಗಾದರೂ ನಡೆಯುತ್ತದೆ, ಹೊರಗಾದರೂ ನಡೆಯುತ್ತದೆ. ನಡುಹೊಲಿಗೆ ಎಡಕ್ಕೆ ಬಂದರೆ ಏನು, ಬಲಕ್ಕೆ ಬಂದರೆ ಏನು? ನೀನು ಹೊಲಿದ ಒಂದೊಂದು ಗೆರೆಯೂ ಸರಿಯಿತ್ತು ಕಣೋ. ನಾನು ಸುಳ್ಳು ಬರೆದೆ. ಮುಗಿದರೆ ನೀನು ಏನು ಮಾಡಿಕೊಳ್ಳುತ್ತೀಯೋ ಎಂಬ ಭಯಕ್ಕೆ ಬರೆದೆ. ನೀನು ಇಲ್ಲಿ ನನ್ನ ಮುಂದಿದ್ದರೆ ಕೈ ಹಿಡಿದುಕೊಂಡು ಕೂರುತ್ತಿದ್ದೆ. ದೂರದಿಂದ ಹಿಡಿಯಲು ದಾರ ಬಿಟ್ಟರೆ ಬೇರೇನೂ ಸಿಗಲಿಲ್ಲ.

ಎಲ್ಲ ಬಿಚ್ಚು ಎಂದು ಬರೆಯುವಾಗ ಅವಳ ಜೇಬು ನನ್ನ ಕಣ್ಣಿಗೆ ಬರಲೇ ಇಲ್ಲ. ನಾನು ಕಂಡದ್ದು ನಿನ್ನನ್ನು ಮಾತ್ರ. ಅವಳನ್ನು ಮರೆತೆ. ಅವಳ ಕೈಗೆ ಮೊದಲ ಸೂಜಿ ಕೊಟ್ಟವಳು ನಾನು, ಅವಳ ಕೊನೆಯ ಹೊಲಿಗೆ ಬಿಚ್ಚಿಸಿದವಳೂ ನಾನೇ ಆದೆ. ಕ್ಷಮಿಸು ಎಂದು ಕೇಳುವುದಿಲ್ಲ. ಬೈದು ಬರೆ. ಎಷ್ಟು ಉದ್ದವಾದರೂ ಬರೆ.

ಅಕ್ಕ


೯ ಜೂನ್

ಅಕ್ಕಾ,

ಬೈಯುವುದಕ್ಕೆ ಏನೂ ಇಲ್ಲ. ನನಗೆ ಗೊತ್ತಿತ್ತು.

ಹರೆಯದಿಂದ ಗೆರೆ ಎಳೆದವನು ನಾನು. ಯಾವುದು ನೇರ, ಯಾವುದು ಸೊಟ್ಟ ಎಂದು ನನಗೆ ನೀನು ಹೇಳಬೇಕೇ? ಅವಳ ಹಳೆಯ ಜೀನ್ಸೊಂದು ಬಾಗಿಲ ಹಿಂದೆ ನೇತಾಡುತ್ತಲೇ ಇದೆ. ಮಡಿಕೆ ಒಳಗೆ ಎಂದು ನೀನು ಬರೆದಾಗ ಅದನ್ನು ತಿರುಗಿಸಿ ನೋಡಿದೆ. ಅದರಲ್ಲಿ ಹೊರಗಿತ್ತು. ನೋಡಿದೆ, ಮತ್ತೆ ಕೂತು ಬಿಚ್ಚಿದೆ. ನೀನು ತಪ್ಪು ಎಂದಾಗಲೆಲ್ಲ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿಯುತ್ತಿತ್ತು. ನಾಳೆ ಏಳಲು ಒಂದು ಕೆಲಸ ಉಳಿಯಿತಲ್ಲ ಎಂದು. ಬೀಗದವನ ಚಿಲಕದ ಆಟವೂ ನನಗೆ ಗೊತ್ತು. ಅವನಿಗೆ ಹೇಳಬೇಡ, ಪಾಪ, ಬಹಳ ಕಷ್ಟಪಟ್ಟು ಸುಳ್ಳು ಹೇಳುತ್ತಾನೆ.

ನೀನು ಹೆದರಿದ್ದು ಸುಳ್ಳಲ್ಲ.

ಜೇಬಿನ ವಿಷಯ ಬರೆಯುತ್ತೇನೆ. ಅದನ್ನು ಬಹಳ ದಿನ ಬದಿಗಿಟ್ಟಿದ್ದೆ. ಒಂದು ಬೆಳಿಗ್ಗೆ ಕಿಟಕಿಗೆ ಹಿಡಿದು ನೋಡಿದರೆ ಅವಳ ಸೂಜಿಯ ತೂತುಗಳು ಹಾಗೇ ಇದ್ದವು. ದಾರ ಹೋಗಿತ್ತು, ದಾರಿ ಹೋಗಿರಲಿಲ್ಲ. ಅದೇ ತೂತುಗಳಲ್ಲಿ ಸೂಜಿ ಹಾಕಿ ಹೊಲಿದೆ. ಒಂದನ್ನೂ ಬಿಡಲಿಲ್ಲ, ನನ್ನದೊಂದನ್ನು ಸೇರಿಸಲೂ ಇಲ್ಲ. ಅಬ್ಬಾ, ಎಷ್ಟು ಸೊಟ್ಟ ಹೊಲಿದಿದ್ದಾಳೆ! ಮೂಲೆಯಲ್ಲಿ ಮೆಷಿನ್ನು ಓಡಿಹೋಗಿ ಹೊರಗೆ ಬಿದ್ದಿದ್ದಾಳೆ, ಮತ್ತೆ ಒಳಗೆ ಬಂದಿದ್ದಾಳೆ. ರಸ್ತೆಯ ಮೇಲೆ ನಾನು ಹೀಗೆ ಎಳೆದಿದ್ದರೆ ಎರಡು ಲಾರಿ ಗುದ್ದಿಕೊಳ್ಳುತ್ತಿದ್ದವು. ಅವಳು ಹೊರಗೆ ಬಿದ್ದಲ್ಲಿ ನಾನೂ ಬಿದ್ದೆ. ನನ್ನ ಜನ್ಮದಲ್ಲಿ ಎಳೆದ ಒಂದೇ ಸೊಟ್ಟ ಗೆರೆ ಅದು.

ಆಮೇಲೆ ತಡೆಯಲಾಗಲಿಲ್ಲ. ಸೊಂಟಪಟ್ಟಿ ನೀನು ಹೇಳಿಕೊಡಲಿಲ್ಲ, ಹಳೆಯದನ್ನು ನೋಡಿಕೊಂಡು ಹೊಲಿದೆ. ಗುಂಡಿ ಹಾಕಿದೆ. ಅಂಚು ಮಡಚಿದೆ. ಮುಗಿಯಿತು.

ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ. ಇದು ಇಲ್ಲಿರುವುದು ಬೇಡ. ಬಿಚ್ಚು ಎಂದು ಬರೆಯಬೇಡ, ಬಟ್ಟೆ ಇನ್ನು ತಡೆಯುವುದಿಲ್ಲ.

ತಮ್ಮ


೨೪ ಜೂನ್

ತಮ್ಮಾ,

ಪಾರ್ಸೆಲ್ ಬಂತು. ಬಿಚ್ಚಲು ಧೈರ್ಯವಾಗದೆ ಮೇಜಿನ ಮೇಲಿಟ್ಟು ಮನೆಯ ಕೆಲಸವನ್ನೆಲ್ಲ ಮಾಡಿದೆ. ಮಾಡಿದ ಕೆಲಸವನ್ನೇ ಮತ್ತೆ ಮಾಡಿದೆ. ಕೊನೆಗೆ ಭಾವನ ಹಾಸಿಗೆಯ ಮೇಲೆಯೇ ಬಿಚ್ಚಿದೆ. ಅಷ್ಟೂ ಹುಂಜಗಳು ಒಟ್ಟಿಗೆ ಕಂಡಾಗ ಅವರ ಮುಖದ ಅರ್ಧ ನಕ್ಕಿತು. "ಕೋ" ಎಂದರು. ಎಷ್ಟೋ ತಿಂಗಳ ಮೇಲೆ ಹೊರಟ ಹೊಸ ಅಕ್ಷರ. ಆಮೇಲೆ ಇನ್ನರ್ಧ ಮುಖಕ್ಕೂ ಸೇರಿಸಿ ಅತ್ತರು.

ಕನ್ನಡಕ ಹಾಕಿಕೊಂಡು ಒಳಗೂ ಹೊರಗೂ ನೋಡಿದೆ. ತಪ್ಪು ಹುಡುಕಿದೆ ಕಣೋ, ಸುಳ್ಳು ಯಾಕೆ ಹೇಳಲಿ, ಹುಡುಕಿಯೇ ಹುಡುಕಿದೆ. ಇಲ್ಲ. ಹುಂಜಗಳು ತಲೆಯಿಂದ ಬಾಲಕ್ಕೆ ಕೂಡಿವೆ. ಸೊಂಟ ಕೂತಿದೆ. ಜೇಬು ಇದ್ದ ಹಾಗೇ ಇದೆ, ಅದನ್ನು ಬೆರಳಿನಿಂದ ಸವರಿದೆ, ಮೂಲೆ ಬಂದಾಗ ಕೈ ತೆಗೆದೆ.

ಇದನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಯಾರಿಗೂ ಕೊಡುವುದೂ ಇಲ್ಲ. ಕಪಾಟಿನಲ್ಲಿ ಮಡಚಿಟ್ಟಿದ್ದೇನೆ. ಅದಕ್ಕಿಂತ ಹೆಚ್ಚಿನದು ಇದರಿಂದ ಏನೂ ಆಗುವುದಿಲ್ಲ.

ಈಗ ನನ್ನ ಹತ್ತಿರ ಸುಳ್ಳೂ ಉಳಿದಿಲ್ಲ. ಬೀಗದಣ್ಣನಿಗೆ ನಿನ್ನೆ ಟೆಲಿಗ್ರಾಂ ಕೊಡಿಸಿದೆ, ನಿನ್ನನ್ನು ಒಂಟಿಯಾಗಿ ಬಿಡಬೇಡಿ ಎಂದು. ನಿನಗೆ ತಿಳಿದೇ ಇರಲಿ ಎಂದು ಹೇಳುತ್ತಿದ್ದೇನೆ, ಇನ್ನು ನಿನ್ನ ಬೆನ್ನ ಹಿಂದೆ ಏನೂ ಮಾಡುವುದಿಲ್ಲ. ಅವರು ಡಾಕ್ಟರರನ್ನು ಮನೆಗೇ ಕರೆತಂದರೆ ಬಾಗಿಲು ತೆಗೆ. ಜ್ವರವಿಲ್ಲ ಅನ್ನಬೇಡ.

ಎಲ್ಲ ಮರೆಯುತ್ತದೆ, ಕಾಲ ಎಂಬುದು ದೊಡ್ಡ ವೈದ್ಯ ಅನ್ನುವವರಿದ್ದಾರೆ. ಅಂಥವರು ಬಂದರೆ ನಾನೇ ಬಾಗಿಲು ತೆಗೆಯುವುದಿಲ್ಲ. ಮರೆಯುವುದಿಲ್ಲ. ನಿನಗೆ ಒಳ್ಳೆಯದಾಗುತ್ತದೆ ಎಂದು ನಾನು ಬರೆಯಲಾರೆ, ಗೊತ್ತಿಲ್ಲದ್ದನ್ನು ಹೇಗೆ ಬರೆಯಲಿ? ಯಾಕೆ ಇರಬೇಕು ಎಂದು ನೀನು ಕೇಳಿದರೆ ಕೊಡಲು ಒಂದು ಕಾರಣವೂ ನನ್ನ ಕೈಯಲ್ಲಿಲ್ಲ. ಆದರೂ ಕೇಳುತ್ತಿದ್ದೇನೆ. ಇರು. ಅಕ್ಕ ಕೇಳಿದಳು ಎಂದು ಇರು. ಬದುಕು ಚೆಂದ ಎಂದಲ್ಲ, ನಾಳೆ ಹಗುರವಾದೀತು ಎಂದಲ್ಲ. ನಾನು ಕೇಳಿದೆ ಎಂದಷ್ಟೇ.

ಉದ್ದ ಬರೆಯಬೇಡ. ಒಂದು ಸಾಲು ಸಾಕು. ಅದು ಬರುವವರೆಗೆ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಒಳಕೋಣೆಗೆ ಹೋಗಿ ನಿಲ್ಲುತ್ತೇನೆ. ತಂದದ್ದು ಏನಿರುತ್ತದೋ ಎಂದು.

ಅಕ್ಕ


೩೦ ಜೂನ್

ಅಕ್ಕಾ,

ಪತ್ರ ತಲುಪಿತು. ಇವತ್ತು ಇದ್ದೇನೆ. ನಾಳೆಯದನ್ನು ನಾಳೆ ಬರೆಯುತ್ತೇನೆ.

ತಮ್ಮ